ಕವಳಿ ಹಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆಯಲ್ಲಿ ಕಾಡಂಚಿನ ಊರುಗಳ ಸಂತೆಗೆ ಬರುವ ಕವಳಿಯನ್ನು ಹೆಚ್ಚಿನವರು ಮಕ್ಕಳು ಗುಡ್ಡದಲ್ಲಿ ಕಿತ್ತು ತಿನ್ನುವ ಹಣ್ಣೆಂದಷ್ಟೇ ನೆನಪಿಟ್ಟುಕೊಂಡಿದ್ದಾರೆ. ಆದರೆ ನಮ್ಮ ಅಡುಗೆಮನೆಗಳಲ್ಲಿ ಈ ಗಿಡಕ್ಕೆ ಬೆಲೆ ಬಂದದ್ದು ಹಣ್ಣಿಗಿಂತ ಹೆಚ್ಚಾಗಿ ಅದರ ಹುಳಿಗಾಯಿಯಿಂದ. ಮುಂದಿನ ಉತ್ತರಗಳಲ್ಲಿ ಕಾಯಿಗೆ ಹೆಚ್ಚು ಜಾಗ ಸಿಕ್ಕಿರುವುದು ಈ ಕಾರಣಕ್ಕೆ.

ಕವಳಿ ಎಂದರೆ ಯಾವ ಗಿಡ?

ಕವಳಿಯು ಕಣಗಿಲೆಯ ಕುಟುಂಬಕ್ಕೆ ಸೇರಿದ, ಸದಾ ಹಸಿರಾಗಿರುವ ಮುಳ್ಳಿನ ಪೊದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕರಿಸ್ಸಾ ಕರಂಡಾಸ್ ಎಂಬ ಹೆಸರಿದ್ದು, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1767ರಲ್ಲಿ ಇದನ್ನು ಹೆಸರಿಸಿ ವಿವರಿಸಿದರು. ಇದರ ಹತ್ತಿರದ ಸಂಬಂಧಿಯಾದ ಕರಿಸ್ಸಾ ಸ್ಪೈನಾರಮ್ ಕೂಡ ನಮ್ಮ ಕುರುಚಲು ಕಾಡುಗಳಲ್ಲಿ ಬೆಳೆಯುತ್ತದೆ. ಅದರ ಎಲೆ ಮತ್ತು ಹಣ್ಣು ಎರಡೂ ಚಿಕ್ಕವು, ಮುಳ್ಳು ಸಾಮಾನ್ಯವಾಗಿ ಕವಲೊಡೆಯುವುದಿಲ್ಲ. ಹಳ್ಳಿಯವರು ಇವೆರಡನ್ನೂ ಕವಳಿ ಎಂದೇ ಕರೆಯುತ್ತಾರೆ ಮತ್ತು ಎರಡನ್ನೂ ತಿನ್ನುತ್ತಾರೆ, ಆದ್ದರಿಂದ ಅಡುಗೆಯ ಮಟ್ಟಿಗೆ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪಶ್ಚಿಮ ಘಟ್ಟದ ಒಣ ಇಳಿಜಾರು, ಕರಾವಳಿಯ ಮುರಕಲ್ಲಿನ ಗುಡ್ಡ, ಉತ್ತರ ಕನ್ನಡದಲ್ಲಿ ಬೇಣ, ಹಕ್ಕಲು ಎಂದು ಕರೆಯುವ ಹುಲ್ಲು ಮತ್ತು ಕುರುಚಲಿನ ನೆಲ, ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚು, ಇವೆಲ್ಲ ಕವಳಿಯ ಜಾಗಗಳು. ದಟ್ಟ ನೆರಳಿನ ಕಾಡು ಇದಕ್ಕೆ ಒಗ್ಗುವುದಿಲ್ಲ. ಬಿಸಿಲು ಬೀಳುವ, ನೀರು ನಿಲ್ಲದ ಬಡ ಮಣ್ಣಿನಲ್ಲಿಯೂ ಅದು ಹಟ ಹಿಡಿದು ಬದುಕುತ್ತದೆ.

ನಮ್ಮ ಕಡೆ ಕರಂಡೆ ಎನ್ನುತ್ತಾರೆ. ಎರಡೂ ಒಂದೇ ಹಣ್ಣೇ? ಕರ್ಚಿಕಾಯಿ, ಕಾರೆಹಣ್ಣುಗಳೂ ಇದೇ ಆಗಿರಬಹುದೇ?

ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಕೇಳಿಬರುವ ಕರಂಡೆ, ಮಲೆನಾಡಿನ ಕವಳೆ ಅಥವಾ ಕೌಳಿ, ಬೆಳಗಾವಿ ಕಡೆಯ ಕವಳಿ, ಇವೆಲ್ಲ ಒಂದೇ. ಮರಾಠಿಯ ಕರವಂದ, ಹಿಂದಿಯ ಕರೌಂದಾ, ತೆಲುಗಿನ ವಾಕ್ಕಾಯ, ತಮಿಳಿನ ಕಳಾಕ್ಕಾಯ್, ಬಂಗಾಳಿಯ ಕರಮ್‌ಚಾ ಕೂಡ ಇದೇ ಗಿಡದ ಫಲಗಳು.

ಕರ್ಚಿಕಾಯಿ ಬೇರೆ. ಅದು ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮಳೆಗಾಲಕ್ಕೆ ಹಬ್ಬುವ ಬಳ್ಳಿಯ ಕಾಯಿಯಾಗಿದ್ದು, ಹಾಗಲಕಾಯಿಯ ಹತ್ತಿರದ ನೆಂಟ. ಕಾರೆಹಣ್ಣಿನ ಗಿಡ ಮುಳ್ಳಿನದೇ ಆದರೂ ಅದರ ಹಣ್ಣು ಹಳದಿ, ಮುರಿದರೆ ಹಾಲು ಬರುವುದಿಲ್ಲ, ಅದನ್ನೂ ತಿನ್ನುತ್ತಾರೆ. ಆದರೆ ಮಂಗಾರೆ ಎಂಬ ಇನ್ನೊಂದು ಮುಳ್ಳುಗಿಡದ ವಿಷಯದಲ್ಲಿ ಎಚ್ಚರ ಬೇಕು. ಅದರ ಕಾಯಿಯನ್ನು ಜಜ್ಜಿ ಹೊಳೆಯ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಇತ್ತು, ವೈದ್ಯರು ಅದನ್ನು ವಾಂತಿ ಮಾಡಿಸಲು ಬಳಸುತ್ತಿದ್ದರು. ಅದು ತಿನ್ನುವ ಕಾಯಿಯಲ್ಲ.

ಕಾಡಿನಲ್ಲಿ ಕವಳಿಯನ್ನು ತಪ್ಪಿಲ್ಲದೆ ಗುರುತಿಸುವುದು ಹೇಗೆ?

ಹಲವು ಗುರುತುಗಳು ಒಟ್ಟಿಗೆ ಸಿಗಬೇಕು. ಒಂದು ಸಿಕ್ಕಿತೆಂದು ಬಾಯಿಗೆ ಹಾಕಬಾರದು. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ದಪ್ಪ, ನಯ, ಮೇಲ್ಭಾಗ ಹೊಳೆಯುವ ಕಡುಹಸಿರು. ಗೆಣ್ಣಿನ ಬಳಿ ಗಟ್ಟಿಯಾದ ಮುಳ್ಳುಗಳೂ ಜೋಡಿಯಾಗಿ ಮೂಡುತ್ತವೆ, ಹಲವು ಮುಳ್ಳುಗಳ ತುದಿ ಎರಡಾಗಿ ಸೀಳಿಕೊಂಡಿರುತ್ತದೆ. ಎಲೆ, ಕಡ್ಡಿ, ಕಾಯಿ ಯಾವುದನ್ನು ಮುರಿದರೂ ಬಿಳಿ ಹಾಲು ಜಿನುಗುತ್ತದೆ. ಹೂವು ಮಲ್ಲಿಗೆಯನ್ನು ಹೋಲುವ ಐದು ಎಸಳಿನ ಬಿಳಿ ಹೂ, ಕೆಲವೊಮ್ಮೆ ನಸುಗೆಂಪು ಛಾಯೆಯದು, ಒಳ್ಳೆಯ ಕಂಪು ಇರುತ್ತದೆ. ಕಾಯಿಗಳು ಗೊಂಚಲು ಗೊಂಚಲಾಗಿ ಬಂದು, ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪುನೇರಳೆಗೆ ತಿರುಗುತ್ತವೆ. ಹಣ್ಣನ್ನು ಸೀಳಿದರೆ ಚಪ್ಪಟೆಯಾದ ಕಂದು ಬೀಜಗಳು ಹಲವು ಕಾಣುತ್ತವೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕವಳಿಯ ಕುಟುಂಬದಲ್ಲಿ ವಿಷದ ಗಿಡಗಳು ಬಹಳ. ಹಿತ್ತಲಿನಲ್ಲಿ ಪೂಜೆಯ ಹೂವಿಗೆಂದು ಬೆಳೆಸುವ ಕಣಗಿಲೆಯ ಪ್ರತಿ ಭಾಗವೂ ವಿಷ. ಹಳದಿ ಕಣಗಿಲೆಯ ಕಾಯಿಯೊಳಗಿನ ಬೀಜ ಪ್ರಾಣವನ್ನೇ ತೆಗೆಯಬಲ್ಲದು. ಹಳದಿ ಕಣಗಿಲೆಯ ಕಾಯಿ ಹಸಿರಾಗಿ, ದುಂಡಗೆ, ಹಾಲು ತುಂಬಿಕೊಂಡು ಇರುವುದರಿಂದ ತಿಳಿಯದ ಮಕ್ಕಳು ಮೋಸ ಹೋಗಬಹುದು. ಆದರೆ ಆ ಗಿಡಕ್ಕೆ ಮುಳ್ಳಿಲ್ಲ, ಎಲೆ ನೀಳವಾಗಿ ಪಟ್ಟಿಯಂತಿರುತ್ತದೆ, ಕಾಯಿಯೊಳಗೆ ಕೋನಕೋನವಾದ ಒಂದೇ ಗಟ್ಟಿ ಓಟೆ ಇರುತ್ತದೆ. ಆಫ್ರಿಕದಲ್ಲಿಯೂ ಇಂಥದೇ ಪರಿಸ್ಥಿತಿ: ಅಲ್ಲಿ ಬಾಣದ ಮೊನೆಗೆ ವಿಷ ಹಚ್ಚಲು ಬಳಸುತ್ತಿದ್ದ ಅಕೊಕ್ಯಾಂಥೆರಾ ಎಂಬ ಪೊದೆ ನೋಡುವುದಕ್ಕೆ ಕವಳಿಯ ಹಾಗೆಯೇ ಇದೆ, ಮುಳ್ಳು ಮಾತ್ರ ಇಲ್ಲ. ಮಕ್ಕಳಿಗೆ ಒಂದೇ ಒಂದು ನಿಯಮ ಹೇಳಿಕೊಡುವುದಾದರೆ, ಮುಳ್ಳಿಲ್ಲದ ಹಾಲುಗಿಡದ ಕಾಯಿಯನ್ನು ಮುಟ್ಟಬೇಡಿ ಎಂದು ಹೇಳುವುದು ನನಗೆ ಸರಿಯೆನಿಸುತ್ತದೆ.

ಕಾಯಿಯಿಂದ ಬರುವ ಹಾಲು ತೊಂದರೆ ಮಾಡುವುದಿಲ್ಲವೇ?

ಕವಳಿಯ ಹಾಲು ಕಣಗಿಲೆಯ ಹಾಲಿನಂತೆ ವಿಷವಲ್ಲ, ಆದರೆ ವಿಪರೀತ ಅಂಟು. ಕೈಗೆ, ತುಟಿಗೆ, ಚಾಕುವಿಗೆ ಹತ್ತಿಕೊಂಡು ಕಪ್ಪಾಗುತ್ತದೆ. ಸಾಬೂನಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆ ಸವರಿ ಉಜ್ಜಿದರೆ ಬಿಡುತ್ತದೆ. ಕಾಯಿ ಹೆಚ್ಚುವ ಮೊದಲೇ ಕೈಗೂ ಈಳಿಗೆಗೂ ಎಣ್ಣೆ ಸವರಿಕೊಳ್ಳುವುದು ವಾಡಿಕೆ. ಗಿಡದಿಂದ ಕಿತ್ತ ಕಾಯಿಯ ತೊಟ್ಟು ತೆಗೆದು, ಆ ಬದಿ ಕೆಳಗಾಗುವಂತೆ ಕೆಲವು ಗಂಟೆ ಬಿಟ್ಟರೆ ಹಾಲಿನ ಬಹುಪಾಲು ಸೋರಿಹೋಗುತ್ತದೆ. ಆಮೇಲೆ ಉಪ್ಪು ನೀರಿನಲ್ಲಿ ಎರಡು ಮೂರು ಸಲ ತೊಳೆದರಾಯಿತು. ಪೂರ್ತಿ ಕಳಿತ ಹಣ್ಣಿನಲ್ಲಿ ಹಾಲು ಕಡಿಮೆ. ಬೀಜಗಳು ಚಿಕ್ಕವಾಗಿರುವುದರಿಂದ ಬಹಳ ಜನ ಅವನ್ನು ಉಗುಳದೆ ಹಣ್ಣಿನೊಡನೆಯೇ ನುಂಗುತ್ತಾರೆ.

ಯಾವ ತಿಂಗಳಿನಲ್ಲಿ ಏನು ಸಿಗುತ್ತದೆ?

ಘಟ್ಟದ ಕಾಡುಕವಳಿ ಚಳಿಗಾಲದ ಕೊನೆಗೆ ಹೂ ಬಿಟ್ಟು, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಕಾಯಾಗಿ, ಮೇ ತಿಂಗಳಿನಲ್ಲಿ ಹಣ್ಣಾಗುತ್ತದೆ. ಮಳೆ ಹಿಡಿದ ಮೇಲೆ ಉಳಿದ ಹಣ್ಣು ನೀರುನೀರಾಗಿ ರುಚಿ ಕೆಡುತ್ತದೆ. ತೋಟದಲ್ಲಿ ಬೆಳೆಸುವ ದಪ್ಪ ಜಾತಿಯದು ಸಾಮಾನ್ಯವಾಗಿ ಮಳೆಗಾಲದ ಫಸಲು. ಉತ್ತರ ಭಾರತದ ಮಾರುಕಟ್ಟೆಗೆ ಅದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಪೇಟೆಯಲ್ಲಿ ಆಗಸ್ಟಿನಲ್ಲಿ ಕಾಣುವ, ಅರ್ಧ ಬಿಳಿ ಅರ್ಧ ಗುಲಾಬಿ ಬಣ್ಣದ ದೊಡ್ಡ ಕಾಯಿಗಳು ಇವೇ. ನೋಟಕ್ಕೆ ಅವು ಚಂದ, ಉಪ್ಪಿನಕಾಯಿಗೂ ಅನುಕೂಲ. ಆದರೆ ಹಾಗೇ ತಿನ್ನುವ ಹಣ್ಣಿನ ರುಚಿಯಲ್ಲಿ ಗುಡ್ಡದ ಚಿಕ್ಕ ಕರಿಹಣ್ಣಿಗೆ ಅವು ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಅಡುಗೆಗೆ ಮೂರು ಹಂತಗಳಿವೆ. ಬೀಜ ಬಲಿಯದ ಎಳೆಗಾಯಿ ಚಟ್ನಿಗೆ. ಪೂರ್ತಿ ಬೆಳೆದರೂ ಇನ್ನೂ ಹಸಿರಾಗಿರುವ, ಒತ್ತಿದರೆ ಗಟ್ಟಿಯಾಗಿರುವ ಕಾಯಿ ಉಪ್ಪಿನಕಾಯಿಗೆ. ಕೆಂಪೇರಿದ ದೋರೆಗಾಯಿ ಗೊಜ್ಜು ಮತ್ತು ಜೆಲ್ಲಿಗೆ. ಕಪ್ಪಾದ ಮೇಲೆ ಅದನ್ನು ಬೇಯಿಸದೆ ತಿನ್ನುವುದೇ ಲೇಸು.

ಕವಳಿಕಾಯಿಯ ಉಪ್ಪಿನಕಾಯಿಯನ್ನು ಹಳೆಯ ಕ್ರಮದಲ್ಲಿ ಹಾಕುವುದು ಹೇಗೆ?

ಮನೆಮನೆಗೂ ಅಳತೆ ಬದಲಾಗುತ್ತದೆ, ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಒಂದು ಕಿಲೋ ಗಟ್ಟಿ ಕಾಯಿಯನ್ನು ತೊಟ್ಟು ಬಿಡಿಸಿ, ಹಾಲು ಹೋಗುವಂತೆ ತೊಳೆದು, ಬಟ್ಟೆಯ ಮೇಲೆ ಹರವಿ ನೀರಿನ ಪಸೆ ಉಳಿಯದಂತೆ ಒಣಗಿಸಬೇಕು. ಕಾಲು ಕಿಲೋದಷ್ಟು ಕಲ್ಲುಪ್ಪನ್ನು ಹುರಿದು ಆರಿಸಿ, ಭರಣಿಯಲ್ಲಿ ಒಂದು ಪದರ ಕಾಯಿ, ಒಂದು ಪದರ ಉಪ್ಪು ಎಂಬಂತೆ ತುಂಬಬೇಕು. ದಿನಕ್ಕೊಮ್ಮೆ ಭರಣಿಯನ್ನು ಕುಲುಕುತ್ತಿದ್ದರೆ ನಾಲ್ಕೈದು ದಿನಗಳಲ್ಲಿ ಉಪ್ಪು ಕರಗಿ, ಕಾಯಿ ತನ್ನ ನೀರು ಬಿಟ್ಟುಕೊಂಡು, ಹಸಿರು ಬಣ್ಣ ಮಂಕಾಗಿ ಸಿಪ್ಪೆ ಸಣ್ಣಗೆ ಸುಕ್ಕುಗಟ್ಟುತ್ತದೆ. ಮಸಾಲೆಯ ಹೊತ್ತು ಬಂತೆಂಬುದಕ್ಕೆ ಆ ಸುಕ್ಕೇ ಗುರುತು.

ಆಗ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿಯೇ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಅರಿಸಿನ ಮತ್ತು ಇಂಗನ್ನು ನುಣ್ಣಗೆ ಅರೆದು ಕಾಯಿಗೆ ಬೆರೆಸುತ್ತಾರೆ. ಹಸಿ ನೀರಿನ ಒಂದು ಹನಿ ಬಿದ್ದರೂ ಬೂಸು ಹಿಡಿಯುತ್ತದೆ. ಎಣ್ಣೆ ಹಾಕದ ಈ ಕ್ರಮ ಮಲೆನಾಡಿನದು. ಬಯಲುಸೀಮೆಯವರು ಎಣ್ಣೆಯ ಒಗ್ಗರಣೆ ಕೊಡುತ್ತಾರೆ. ಹದಿನೈದು ದಿನ ಕಳೆಯುವ ಮುನ್ನ ತೆಗೆದರೆ ಒಗರು ಉಳಿದಿರುತ್ತದೆ.

ಕರಾವಳಿಯಲ್ಲಿ ಮಸಾಲೆಯನ್ನೇ ಬೆರೆಸದೆ ಕಾಯಿಯನ್ನು ಬರೀ ಉಪ್ಪುನೀರಿನಲ್ಲಿ ಮಳೆಗಾಲಕ್ಕೆ ಇಟ್ಟುಕೊಳ್ಳುವುದುಂಟು. ಜಡಿಮಳೆಯ ದಿನಗಳಲ್ಲಿ ಕುಚ್ಚಲಕ್ಕಿ ಗಂಜಿಯ ಜತೆ ಎರಡು ಕಾಯಿ ನಂಜಿಕೊಂಡರೆ ಊಟ ಮುಗಿಯುತ್ತದೆ. ಬೇಕಾದಾಗ ಅದನ್ನೇ ತೆಂಗಿನಕಾಯಿಯೊಡನೆ ಅರೆದು ಚಟ್ನಿಯನ್ನೂ ಮಾಡಬಹುದು.

ಉಪ್ಪಿನಕಾಯಿಯಲ್ಲದೆ ಬೇರೆ ಏನು ಮಾಡುತ್ತಾರೆ?

ಹುಣಿಸೆಯೋ ಮಾವಿನಕಾಯಿಯೋ ಹೋಗುವ ಜಾಗದಲ್ಲೆಲ್ಲ ಕವಳಿಕಾಯಿ ಹೋಗುತ್ತದೆ. ಉತ್ತರ ಕನ್ನಡದ ತಿಳಿಸಾರಾದ ಅಪ್ಪೆಹುಳಿಯನ್ನು, ಅಪ್ಪೆಮಿಡಿ ಎಂಬ ಪರಿಮಳದ ಎಳೆ ಮಾವಿನಕಾಯಿ ಸಿಗದಾಗ, ಇದರಿಂದ ಮಾಡಬಹುದು: ಕಾಯಿಯನ್ನು ಬೇಯಿಸಿ, ಕಿವುಚಿ, ಬೀಜ ಸೋಸಿ, ಧಾರಾಳವಾಗಿ ನೀರು ಬೆರೆಸಿ, ಉಪ್ಪು, ಚೂರು ಬೆಲ್ಲ ಹಾಕಿ, ಸಾಸಿವೆ, ಒಣಮೆಣಸು ಮತ್ತು ಇಂಗಿನ ಒಗ್ಗರಣೆ ಕೊಟ್ಟರಾಯಿತು. ಕೆಂಪೇರಿದ ಕಾಯಿಯಾದರೆ ಈ ಸಾರಿಗೆ ತಿಳಿಗುಲಾಬಿ ಬಣ್ಣ ಬರುತ್ತದೆ, ಅದು ಅಪ್ಪೆಮಿಡಿಯಿಂದ ಸಿಗದ ಚೆಲುವು. ಹಣ್ಣಾಗುವ ಹಂತದ ಕಾಯಿಗೆ ತೆಂಗಿನಕಾಯಿ, ಹಸಿ ಸಾಸಿವೆ, ಬೆಲ್ಲ ಅರೆದು ಹಾಕಿ, ಮಾವಿನ ಹಣ್ಣಿಗೆ ಮಾಡುವಂತೆಯೇ ‘ಸಾಸಿವೆ’ ಎಂಬ ಗೊಜ್ಜನ್ನು ಮಾಡುವುದೂ ಉಂಟು.

ಬೆಳಗಾವಿ ಮತ್ತು ಧಾರವಾಡದ ಕಡೆಯ ಚಟ್ನಿ ಬೇರೆಯೇ ಗುಣದ್ದು. ಎಳೆಗಾಯಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಮತ್ತು ಬೆಲ್ಲದ ಚೂರನ್ನು ಒಳಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿ, ಜೋಳದ ರೊಟ್ಟಿಗೆ ಹಚ್ಚಿಕೊಂಡು, ಮೇಲೆ ಹಸಿ ಶೇಂಗಾ ಎಣ್ಣೆ ಬಿಟ್ಟುಕೊಂಡು ತಿನ್ನುತ್ತಾರೆ. ಮಿಕ್ಸಿಯಲ್ಲಿ ರುಬ್ಬಿದರೆ ಬೀಜವೂ ನುಣ್ಣಗಾಗಿ ಕಹಿ ಬಿಟ್ಟುಕೊಳ್ಳುತ್ತದೆ. ಒಳಕಲ್ಲು ಇಲ್ಲದವರು ಬೀಜ ತೆಗೆದು ರುಬ್ಬುವುದು ಒಳ್ಳೆಯದು.

ಬೇರೆ ರಾಜ್ಯಗಳಲ್ಲಿ ಇದರ ಬಳಕೆ ಹೇಗಿದೆ?

ನಮಗಿಂತ ಆಂಧ್ರ ಮತ್ತು ತೆಲಂಗಾಣದವರು ಇದನ್ನು ದಿನದ ಅಡುಗೆಗೆ ಹೆಚ್ಚು ಹಚ್ಚಿಕೊಂಡಿದ್ದಾರೆ. ತೊಗರಿಬೇಳೆಯೊಡನೆ ಬೇಯಿಸಿದ ವಾಕ್ಕಾಯ ಪಪ್ಪು, ವಾಕ್ಕಾಯ ಪುಳಿಹೋರೆ, ಪಚ್ಚಡಿ ಇವು ಅಲ್ಲಿಯ ಮಳೆಗಾಲದ ಸಾಮಾನ್ಯ ಅಡುಗೆಗಳು. ಉತ್ತರ ಪ್ರದೇಶ ಮತ್ತು ಬಿಹಾರಗಳಲ್ಲಿ ಕಾಯಿಯನ್ನು ಎರಡು ಹೋಳು ಮಾಡಿ ಹಸಿಮೆಣಸಿನಕಾಯಿಯೊಡನೆ ಎಣ್ಣೆಯಲ್ಲಿ ಬಾಡಿಸಿ ಪರಾಟೆಗೆ ನಂಜಿಕೊಳ್ಳುತ್ತಾರೆ, ಮುರಬ್ಬವನ್ನೂ ಹಾಕುತ್ತಾರೆ. ಬಂಗಾಳದಲ್ಲಿ ಸಿಹಿ ಹುಳಿಯ ಚಟ್ನಿ ಮತ್ತು ಬೇಳೆಗೆ ಬಳಸುತ್ತಾರೆ.

ಮಹಾರಾಷ್ಟ್ರದ ಘಟ್ಟದ ಹಾದಿಗಳಲ್ಲಿ ಬೇಸಿಗೆಯಲ್ಲಿ ಆದಿವಾಸಿ ಹೆಂಗಸರು ಎಲೆಯ ದೊನ್ನೆಗಳಲ್ಲಿ ಕರಿಹಣ್ಣು ತುಂಬಿ ಮಾರುತ್ತಾರೆ. ‘ಡೋಂಗರಚೀ ಕಾಳೀ ಮೈನಾ’, ಅಂದರೆ ಗುಡ್ಡದ ಕಪ್ಪು ಮೈನಾ, ಎಂಬುದು ಅಲ್ಲಿ ಹಣ್ಣಿಗೆ ಪ್ರೀತಿಯ ಹೆಸರು. ಮಕ್ಕಳಲ್ಲಿ ಒಂದು ಆಟವಿದೆ: ಹಣ್ಣು ಕಚ್ಚುವ ಮೊದಲು ಅದು ಹುಂಜವೋ ಹೇಂಟೆಯೋ ಎಂದು ಎದುರಿನವನನ್ನು ಕೇಳಬೇಕು. ಒಳಗಿನ ತಿರುಳು ಕೆಂಪಾಗಿದ್ದರೆ ಹುಂಜ, ಬಿಳುಪಾಗಿದ್ದರೆ ಹೇಂಟೆ.

ಬೇಕರಿಯ ಚೆರ್ರಿ ನಿಜವಾಗಿಯೂ ಕವಳಿಯೇ?

ಬಹುಮಟ್ಟಿಗೆ ಹೌದು. ಕೇಕು, ಬನ್ನು ಮತ್ತು ಪಾನ್ ಮೇಲೆ ಕೂರಿಸುವ ಅಗ್ಗದ ಕೆಂಪು ಚೆರ್ರಿಗಳಲ್ಲಿ ಹೆಚ್ಚಿನವು ಬೀಜ ತೆಗೆದ ಕವಳಿಕಾಯಿಗಳು. ಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಸಿ ಹುಳಿ ಮತ್ತು ಒಗರನ್ನು ತೆಗೆದು, ದಿನದಿಂದ ದಿನಕ್ಕೆ ಗಟ್ಟಿಯಾಗುವ ಸಕ್ಕರೆ ಪಾಕದಲ್ಲಿ ಮುಳುಗಿಸಿ, ಕೆಂಪು ಬಣ್ಣ ಕಟ್ಟುತ್ತಾರೆ. ಅಷ್ಟೆಲ್ಲ ಆದ ಮೇಲೆ ಕವಳಿಯ ರುಚಿ ಅದರಲ್ಲಿ ಏನೂ ಉಳಿದಿರುವುದಿಲ್ಲ. ಕಾಯಿ ಬೆಂದರೂ ಒಡೆಯದೆ ಆಕಾರ ಉಳಿಸಿಕೊಳ್ಳುತ್ತದೆ ಎಂಬ ಗುಣಕ್ಕಾಗಿ ಮಾತ್ರ ಅದನ್ನು ಆರಿಸಿಕೊಂಡಿದ್ದಾರೆ.

ಜೆಲ್ಲಿ ಮನೆಯಲ್ಲಿ ಗಟ್ಟಿಯಾಗುತ್ತದೆಯೇ?

ಕವಳಿಯಲ್ಲಿ ರಸವನ್ನು ಗಟ್ಟಿಯಾಗಿಸುವ ಪೆಕ್ಟಿನ್ ಎಂಬ ಅಂಶ ಮತ್ತು ಹುಳಿ ಎರಡೂ ಸಾಕಷ್ಟು ಇರುವುದರಿಂದ ಹೊರಗಿನಿಂದ ಏನನ್ನೂ ಸೇರಿಸದೆ ಜೆಲ್ಲಿ ಕಟ್ಟುತ್ತದೆ. ದೋರೆಗಾಯಿಯನ್ನು ಮುಳುಗುವಷ್ಟು ನೀರಿನಲ್ಲಿ ಮೆತ್ತಗಾಗುವಂತೆ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ತಾನಾಗಿ ಇಳಿದ ರಸಕ್ಕೆ ಸಮ ಅಳತೆಯ ಸಕ್ಕರೆ ಹಾಕಿ ಕುದಿಸಬೇಕು. ಬಟ್ಟೆಯನ್ನು ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ತಣ್ಣನೆಯ ತಟ್ಟೆಯ ಮೇಲೆ ಬಿಟ್ಟ ಹನಿ ಹರಿಯದೆ ನಿಂತು, ಬೆರಳಿನಿಂದ ದೂಡಿದಾಗ ಸುಕ್ಕುಗಟ್ಟಿದರೆ ಒಲೆ ಆರಿಸಿ. ಹುಳಿ ಹೆಚ್ಚಿರುವುದರಿಂದ ಕಬ್ಬಿಣದ ಬಾಣಲೆಯಾಗಲಿ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಾಗಲಿ ಬೇಡ.

ಇದಕ್ಕೆ ಔಷಧೀಯ ಗುಣಗಳಿವೆಯೇ?

ಸಂಸ್ಕೃತದಲ್ಲಿ ಕರಮರ್ದ ಎನಿಸಿಕೊಂಡ ಈ ಹಣ್ಣನ್ನು ಚರಕಸಂಹಿತೆಯ ಸೂತ್ರಸ್ಥಾನವು ‘ಹೃದ್ಯ’ ಎಂದು ಕರೆಯುವ ಹತ್ತರ ಗುಂಪಿನಲ್ಲಿ ಸೇರಿಸಿದೆ. ಆ ಗುಂಪಿನ ಉಳಿದ ಹೆಸರುಗಳನ್ನು ನೋಡಿದರೆ ನಮ್ಮ ಹುಳಿಗಳ ಮೆರವಣಿಗೆಯೇ ಅಲ್ಲಿದೆ: ಮಾವು, ಅಮಟೆ, ಮುರುಗಲು, ಮಾದಳ, ದಾಳಿಂಬೆ, ಬೋರೆ. ಹುಳಿಹಣ್ಣು ಬಾಯಿಗೂ ಮನಸ್ಸಿಗೂ ಹಿತ ಎಂಬ ಅನುಭವ ಅಷ್ಟು ಹಳೆಯದು. ಕವಳಿಯಲ್ಲಿ ಸಿ ಜೀವಸತ್ವ ಇದೆ, ಕಪ್ಪುನೇರಳೆ ಬಣ್ಣ ಕೊಡುವ ಆಂಥೋಸಯನಿನ್‌ಗಳೂ ಇವೆ.

ಇಷ್ಟನ್ನು ಹಿಡಿದುಕೊಂಡು ರಕ್ತಹೀನತೆ, ಸಕ್ಕರೆ ಕಾಯಿಲೆಗಳಿಗೆ ಇದೇ ಮದ್ದೆಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಂಬಿ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವುದು ಅವಿವೇಕ. ಬೇರಿನ ಕಷಾಯವನ್ನಂತೂ ಸ್ವಂತ ತಿಳಿವಳಿಕೆಯಿಂದ ಕುಡಿಯಲೇಬಾರದು. ಈ ಕುಟುಂಬದ ಗಿಡಗಳ ಬೇರಿನಲ್ಲಿ ಹೃದಯದ ಬಡಿತವನ್ನು ಏರುಪೇರು ಮಾಡುವ ಪದಾರ್ಥಗಳಿರಬಹುದು. ಹೊಟ್ಟೆಯುರಿ, ಹುಳಿತೇಗು ಇರುವವರು ಹಣ್ಣನ್ನೂ ಮಿತವಾಗಿಯೇ ತಿನ್ನಬೇಕು.

ಬೇಲಿಗೆ ಕವಳಿ ನೆಡಬಹುದೇ?

ನೆಡಬಹುದು, ನೆಡುತ್ತಲೂ ಬಂದಿದ್ದಾರೆ. ಕವಲುಮುಳ್ಳು, ದಟ್ಟ ಕೊಂಬೆ, ಹಾಲಿನಿಂದಾಗಿ ದನ ಬಾಯಿ ಹಾಕದಿರುವುದು, ಇವು ಮೂರೂ ಸೇರಿ ಇದನ್ನು ಒಳ್ಳೆಯ ಜೀವಂತ ಬೇಲಿಯನ್ನಾಗಿ ಮಾಡುತ್ತವೆ. ಇದರ ಅತಿ ದೊಡ್ಡ ಬಳಕೆ ಆದದ್ದು ಮಾತ್ರ ಕೆಟ್ಟ ಉದ್ದೇಶಕ್ಕೆ. ಬ್ರಿಟಿಷರು ಉಪ್ಪಿನ ತೆರಿಗೆ ತಪ್ಪಿಸಿ ಸಾಗಿಸುವವರನ್ನು ತಡೆಯಲು ಉತ್ತರ ಭಾರತದ ಉದ್ದಕ್ಕೂ ಬೆಳೆಸಿದ ಸುಂಕದ ಬೇಲಿಯಲ್ಲಿ ಬೋರೆ, ಜಾಲಿ, ಪಾಪಾಸುಕಳ್ಳಿಗಳ ಜತೆ ಕರೌಂದಾವನ್ನೂ ನೆಡಲಾಗಿತ್ತು. ಆ ಬೇಲಿಯನ್ನು ಬಲಪಡಿಸಿದ ಸುಂಕದ ಅಧಿಕಾರಿ ಅಲನ್ ಆಕ್ಟೇವಿಯನ್ ಹ್ಯೂಮ್ ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದವರು. ಬೇಲಿಯನ್ನು 1879ರಲ್ಲಿ ಕೈಬಿಡಲಾಯಿತು.

ಮನೆಯಲ್ಲಿ ಬೆಳೆಸುವ ಕ್ರಮ ಹೇಗೆ?

ಬೀಜದಿಂದ ಸುಲಭ, ಆದರೆ ಬೀಜ ಬಹಳ ದಿನ ಮೊಳಕೆಶಕ್ತಿ ಉಳಿಸಿಕೊಳ್ಳುವುದಿಲ್ಲ. ಪೂರ್ತಿ ಕಳಿತ ಹಣ್ಣಿನಿಂದ ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಿ, ತಡಮಾಡದೆ ಬಿತ್ತಬೇಕು. ಒಂದು ವರ್ಷದ ಸಸಿಯನ್ನು ಮಳೆ ಹಿಡಿಯುತ್ತಿದ್ದಂತೆ ನೆಟ್ಟರೆ ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಬಿಡುತ್ತದೆ. ತಾಯಿಗಿಡದ ಗುಣವೇ ಬೇಕೆಂದರೆ ಮಳೆಗಾಲದಲ್ಲಿ ಕೊಂಬೆಗೆ ಗೂಟಿ ಕಟ್ಟಿ, ಅಂದರೆ ಗಿಡದ ಮೇಲೆಯೇ ಕೊಂಬೆಗೆ ಬೇರು ಬರಿಸಿ, ಸಸಿ ಮಾಡಿಕೊಳ್ಳಬಹುದು. ಬೇಲಿಗಾದರೆ ಎರಡು ಮೂರು ಅಡಿ ಅಂತರ ಸಾಕು, ಹಣ್ಣಿಗಾದರೆ ಹತ್ತಡಿಯಾದರೂ ಬೇಕು. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಮತ್ತು ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ಕೊಂಕಣ್ ಬೋಲ್ಡ್ ಹೆಸರಾದ ತಳಿಗಳು. ನೀರು ನಿಲ್ಲುವ ಜಾಗ, ಮಕ್ಕಳು ಓಡಾಡುವ ದಾರಿಯಂಚು, ಎರಡೂ ಇದಕ್ಕೆ ಸಲ್ಲದು. ಮುಳ್ಳು ಚುಚ್ಚಿ ಒಳಗೆ ಮುರಿದರೆ ಕೀವಾಗುತ್ತದೆ.

ಕಾಡಿನಿಂದ ಕಿತ್ತು ತರಬಹುದೇ?

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ವಾರಾಂತ್ಯಕ್ಕೆ ಸುತ್ತಾಡಲು ಹೋದವರು ಗಿಡಕ್ಕೆ ಕೈ ಹಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಕಾಡಿನಲ್ಲಿ ಬದುಕುವ ಬುಡಕಟ್ಟು ಜನರಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡಿದೆ. ಅವರಿಂದ ಕೊಂಡು ತಿನ್ನುವುದು ಉಳಿದವರಿಗೆ ಸರಿಯಾದ ದಾರಿ. ಒಂದು ದೊನ್ನೆ ಹಣ್ಣಿಗೆ ಎಷ್ಟು ಮುಳ್ಳುಗೀರು ಬೀಳುತ್ತದೆಂದು ಒಮ್ಮೆ ಕಿತ್ತು ನೋಡಿದವರು ಬೆಲೆಯ ಚೌಕಾಸಿಗೆ ಇಳಿಯುವುದಿಲ್ಲ.

ಸ್ವಂತ ಬೇಣದಲ್ಲಿ ಕೀಳುವವರೂ ಕೊಂಬೆ ಕಡಿದು ಗೊಂಚಲು ಬಿಡಿಸುವ ಅಭ್ಯಾಸವನ್ನು ಬಿಡಬೇಕು. ಎತ್ತರದ ಹಣ್ಣು ಪಿಕಳಾರ ಹಕ್ಕಿಗಳಿಗೆ ಇರಲಿ. ಬೀಜ ಹರಡುವ ಕೆಲಸ ಅವುಗಳದು.

ಮೊದಲಿನಷ್ಟು ಹಣ್ಣು ಈಗ ಏಕೆ ಕಾಣುವುದಿಲ್ಲ?

ಕವಳಿ ಬೆಳೆಯುವ ಜಾಗವನ್ನು ಕಡತಗಳು ಹೆಚ್ಚಾಗಿ ಪಾಳು ಎಂದು ಬರೆದಿವೆ. ಪಾಳು ಎನಿಸಿಕೊಂಡ ನೆಲದಲ್ಲಿ ಅಕೇಶಿಯಾ ನೆಡುತೋಪು ಎದ್ದಿತು, ಮುರಕಲ್ಲಿನ ಕ್ವಾರಿ ತೆರೆಯಿತು, ರಬ್ಬರು ಮತ್ತು ಗೇರು ಬಂದವು, ಬಡಾವಣೆಗಳು ಹಬ್ಬಿದವು. ಜೀವಂತ ಬೇಲಿಯ ಜಾಗಕ್ಕೆ ತಂತಿಬೇಲಿ ಬಂದಾಗ ಹೊಲದಂಚಿನ ಕವಳಿಯೂ ಹೋಯಿತು. ಗಿಡ ಅಳಿವಿನಂಚಿನಲ್ಲೇನೂ ಇಲ್ಲ, ಬೇಕಾದಷ್ಟು ಹಟಮಾರಿ. ಆದರೆ ಊರಿನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಅದು ಉಳಿದಿಲ್ಲ.

ಹೊರದೇಶದಲ್ಲಿರುವವರಿಗೆ ಇದು ಸಿಗುತ್ತದೆಯೇ?

ಕವಳಿಯ ಕುಲ ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹರಡಿದೆ. ಕರಿಸ್ಸಾ ಸ್ಪೈನಾರಮ್ ಅನ್ನು ಇಥಿಯೋಪಿಯದಲ್ಲಿ ಆಗಮ್ ಎಂದು ಕರೆದು ತಿನ್ನುತ್ತಾರೆ. ಉತ್ತರ ಆಸ್ಟ್ರೇಲಿಯದ ಮೂಲನಿವಾಸಿಗಳಿಗೂ ಅದು ಹಳೆಯ ಆಹಾರ, ಅಲ್ಲಿ ಅದಕ್ಕೆ ಕಾಂಕರ್‌ಬೆರ್ರಿ ಎಂಬ ಹೆಸರಿದೆ. ದಕ್ಷಿಣ ಕ್ಯಾಲಿಫೋರ್ನಿಯ ಮತ್ತು ಫ್ಲಾರಿಡಾದಲ್ಲಿರುವ ನಮ್ಮವರು ಮನೆ ಮುಂದಿನ ಅಲಂಕಾರದ ಬೇಲಿಗಳಲ್ಲಿ ನೋಡುವ, ನಕ್ಷತ್ರದಂಥ ದೊಡ್ಡ ಬಿಳಿ ಹೂವಿನ ಮುಳ್ಳುಗಿಡ ದಕ್ಷಿಣ ಆಫ್ರಿಕ ಮೂಲದ ನೇಟಾಲ್ ಪ್ಲಮ್, ಅಂದರೆ ಕರಿಸ್ಸಾ ಮ್ಯಾಕ್ರೊಕಾರ್ಪಾ. ಪೂರ್ತಿ ಕೆಂಪಾಗಿ ಮೆತ್ತಗಾದ ಹಣ್ಣನ್ನಷ್ಟೇ ತಿನ್ನಬೇಕು, ಹಸಿರು ಕಾಯಿ ಬೇಡ. ಹಾಗಾಗಿ ಉಪ್ಪಿನಕಾಯಿಗೆ ಅದು ಒದಗುವುದಿಲ್ಲ, ಗೊಜ್ಜು ಮತ್ತು ಜೆಲ್ಲಿಗೆ ಚೆನ್ನಾಗಿಯೇ ಒದಗುತ್ತದೆ. ರಸ್ತೆಬದಿಯ ಬೇಲಿಗಳಿಗೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಇರುವುದರಿಂದ, ಗೊತ್ತಿರುವವರ ಅಂಗಳದ ಗಿಡದಿಂದ ಕೇಳಿ ಕಿತ್ತುಕೊಳ್ಳುವುದು ಕ್ಷೇಮ.